ಗಿಟಾರಿನೊಳಗಿನ ಪಾಠಗಳಿಗೆ ತಿಂಗಳಿಗೊಂದು ಜೋಡಿ ಪೀರಿಯಡ್ ಕೊಡಿ: ಶಾಲಾ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು, ಶಾಲಾ ಶಿಕ್ಷಣ ಇಲಾಖೆ,
ಮತ್ತು
ಮಾನ್ಯ ನಿರ್ದೇಶಕರು, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ,
ಬೆಂಗಳೂರು.

ವಿಷಯ: ಆರರಿಂದ ಒಂಬತ್ತನೆಯ ತರಗತಿಯ ಮಕ್ಕಳಿಗೆ ಎಲೆಕ್ಟ್ರಿಕ್ ಗಿಟಾರಿನ ಮೂಲಕ ಸಂಗೀತವನ್ನೂ ಇತರ ಪಠ್ಯ ವಿಷಯಗಳನ್ನೂ ಒಟ್ಟಿಗೆ ಕಲಿಸುವ ಕುರಿತು.

ಮಾನ್ಯರೇ,

ನಾನು ಮೈಸೂರಿನಲ್ಲಿ ಮಕ್ಕಳಿಗೆ ಎಲೆಕ್ಟ್ರಿಕ್ ಗಿಟಾರ್ ಕಲಿಸುವ ಶಿಕ್ಷಕ. ಶಾಲೆ ಬಿಟ್ಟ ಮೇಲೆ ಸಂಜೆ ನನ್ನಲ್ಲಿಗೆ ಬರುವವರಲ್ಲಿ ಬಹುಪಾಲು ಮಕ್ಕಳು ಆರರಿಂದ ಹತ್ತನೆಯ ತರಗತಿಯವರು. ಬೆಳಗ್ಗೆ ಅವರು ಓದಿ ಬಂದ ಭಿನ್ನರಾಶಿ, ಶಬ್ದ, ವಿದ್ಯುತ್ತು, ಛಂದಸ್ಸು, ಇತಿಹಾಸಗಳೆಲ್ಲ ಸಂಜೆ ಅವರ ತೊಡೆಯ ಮೇಲಿರುವ ವಾದ್ಯದೊಳಗೇ ಇವೆ ಎಂಬುದನ್ನು ಶಾಲೆ ಅವರಿಗೆ ಹೇಳುವುದಿಲ್ಲ; ಸಂಗೀತದ ಮನೆಪಾಠವೂ ಸಾಮಾನ್ಯವಾಗಿ ಹೇಳುವುದಿಲ್ಲ. ಈ ಎರಡು ಪಾಠಗಳನ್ನು ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ ನಡೆಸಲು ಇಲಾಖೆ ಅವಕಾಶ ಮಾಡಿಕೊಡಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಆರರಿಂದ ಒಂಬತ್ತನೆಯ ತರಗತಿಯವರೆಗೆ ತಿಂಗಳಿಗೊಂದು ಜೋಡಿ ಪೀರಿಯಡ್ ಇರಲಿ. ಅದರಲ್ಲಿ ಸಂಗೀತ ಬಲ್ಲವರೊಬ್ಬರೂ ಆ ತರಗತಿಯ ಗಣಿತ, ವಿಜ್ಞಾನ, ಕನ್ನಡ ಅಥವಾ ಸಮಾಜ ವಿಜ್ಞಾನದ ಶಿಕ್ಷಕರೊಬ್ಬರೂ ಜೊತೆಗೆ ನಿಂತು ಪಾಠ ಮಾಡಲಿ. ಅದಕ್ಕೆ ಬೇಕಾದ ಒಂದು ಗಿಟಾರ್ ಮತ್ತು ಒಂದು ಪುಟ್ಟ ಆಂಪ್ಲಿಫೈಯರ್ (ಆಂಪ್) ಕ್ಲಸ್ಟರ್ ಸಂಪನ್ಮೂಲ ಕೇಂದ್ರದಲ್ಲಿದ್ದು ಶಾಲೆಯಿಂದ ಶಾಲೆಗೆ ಹೋಗಿಬರಲಿ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರದ ವ್ಯವಸ್ಥೆ ಈಗಾಗಲೇ ಇರುವುದರಿಂದ ವೇಳಾಪಟ್ಟಿಯನ್ನು ಹೊಸದಾಗಿ ಹೆಣೆಯುವ ಕೆಲಸವೂ ಇಲಾಖೆಗೆ ಬೀಳುವುದಿಲ್ಲ.

ಕಲೆಯನ್ನು ಉಳಿದ ವಿಷಯಗಳ ಜೊತೆ ಬೆಸೆಯಬೇಕೆಂಬ ಮಾತು ನಮ್ಮ ನೀತಿಪತ್ರಗಳಿಗೆ ಹೊಸದಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಅದನ್ನು ಹೇಳಿತ್ತು, 2020ರ ಶಿಕ್ಷಣ ನೀತಿಯೂ ಹೇಳಿತು. ಅದಕ್ಕೂ ಮೊದಲೇ, 1995ರಲ್ಲಿ, ಇದೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ನಲಿ-ಕಲಿ ಹಾಡಿನ ಮೂಲಕ ಅಕ್ಷರವನ್ನೂ ಎಣಿಕೆಯನ್ನೂ ಕಲಿಸಿ ತೋರಿಸಿತು. ಆದರೆ ಮೂರನೆಯ ತರಗತಿ ದಾಟುತ್ತಿದ್ದಂತೆ ಹಾಡು ಪಾಠದಿಂದ ಹೊರಬೀಳುತ್ತದೆ. ಆಮೇಲೆ ಮಗುವಿಗೂ ಸಂಗೀತಕ್ಕೂ ಶಾಲೆಯಲ್ಲಿ ಭೇಟಿಯಾಗುವುದು ಬೆಳಗಿನ ಪ್ರಾರ್ಥನೆಯಲ್ಲಿ, ಪ್ರತಿಭಾ ಕಾರಂಜಿಯಲ್ಲಿ ಮತ್ತು ವಾರ್ಷಿಕೋತ್ಸವದಲ್ಲಿ ಮಾತ್ರ. ಗಣಿತ ಮತ್ತು ವಿಜ್ಞಾನ ನಿಜಕ್ಕೂ ಕಠಿಣವಾಗುವುದು ಆರನೆಯ ತರಗತಿಯಿಂದ ಮುಂದಕ್ಕೆ. ಕೈಗೆ ಸಿಗುವ, ಕಿವಿಗೆ ಕೇಳುವ ಸಾಮಗ್ರಿ ಹೆಚ್ಚು ಬೇಕಾಗುವುದೂ ಆಗಲೇ. ಅಷ್ಟು ಹೊತ್ತಿಗೆ ಅದನ್ನು ತೆಗೆದಿಟ್ಟಿರುತ್ತೇವೆ.

ಇಲ್ಲಿ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಗಿಟಾರ್ ಕಲಿತ ಮಗುವಿಗೆ ಗಣಿತದಲ್ಲಿ ಅಂಕ ಹೆಚ್ಚು ಬರುತ್ತದೆ ಎಂದು ನಾನು ಹೇಳುತ್ತಿಲ್ಲ. 1993ರಲ್ಲಿ ಅಮೆರಿಕದ ಸಂಶೋಧಕರು ಕೆಲವು ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಟ್ಸಾರ್ಟ್ ಸಂಗೀತ ಕೇಳಿಸಿ ಒಂದು ಬಗೆಯ ಪರೀಕ್ಷೆಯಲ್ಲಿ ಅಲ್ಪಕಾಲದ ಏರಿಕೆ ಕಂಡರು. ಅಷ್ಟನ್ನೇ ಹಿಡಿದುಕೊಂಡು 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟುವ ಪ್ರತಿ ಕೂಸಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು ಬಜೆಟ್ಟಿನಲ್ಲಿ ಹಣ ಕೇಳಿದರು. ಮುಂದಿನ ಅಧ್ಯಯನಗಳಲ್ಲಿ ಆ ಪರಿಣಾಮ ಹೆಚ್ಚುಕಡಿಮೆ ಕರಗಿಹೋಯಿತು. ಸಂಗೀತವನ್ನು ಬುದ್ಧಿ ಹೆಚ್ಚಿಸುವ ಟಾನಿಕ್ಕಿನಂತೆ ಮಾರುವವರ ಸಾಲಿನಲ್ಲಿ ನಿಲ್ಲಲು ನನಗೆ ಇಷ್ಟವಿಲ್ಲ. ಮಗ್ಗಿಯನ್ನು ಸಿನಿಮಾ ಧಾಟಿಗೆ ಹೊಂದಿಸಿ ಹಾಡಿಸುವುದನ್ನೂ ನಾನು ಜೋಡಣೆ ಎನ್ನಲಾರೆ, ಏಕೆಂದರೆ ಅಲ್ಲಿ ಧಾಟಿಗೂ ಮಗ್ಗಿಗೂ ಒಳಸಂಬಂಧ ಏನೂ ಇಲ್ಲ. ವಾದ್ಯದಲ್ಲಿ ಒಂದು ವಿಷಯ ನಿಜವಾಗಿ ನೆಲೆಸಿದ್ದರೆ ಮಾತ್ರ ಅದನ್ನು ಅಲ್ಲಿಂದ ಎತ್ತಿ ತೋರಿಸಬೇಕು ಎಂಬುದು ನನ್ನ ವಾದ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಅಂಥ ವಿಷಯಗಳು ಬೇಕಾದಷ್ಟಿವೆ.

ಮೊದಲನೆಯದು ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು, ಅಂದರೆ ಫ್ರೆಟ್‌ಗಳು. ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು ಅಳತೆಯಲ್ಲಿ ತಂತಿಯ ಮಿಡಿಯುವ ಉದ್ದ 648 ಮಿಲಿಮೀಟರ್. ಹನ್ನೆರಡನೆಯ ಫ್ರೆಟ್ ಅದರ ಸರಿ ಅರ್ಧಕ್ಕೆ, 324 ಮಿಲಿಮೀಟರಿಗೆ ಬರುತ್ತದೆ. ಅಲ್ಲಿ ಒತ್ತಿ ಮೀಟಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಕೇಳುತ್ತದೆ. ಐದನೆಯ ತಂತಿಯನ್ನು ಹಾಗೆಯೇ ಮೀಟಿದರೆ 110 ಹರ್ಟ್ಸ್, ಹನ್ನೆರಡರಲ್ಲಿ ಒತ್ತಿದರೆ 220. ಉದ್ದ ಅರ್ಧವಾದರೆ ಆವೃತ್ತಿ ಎರಡರಷ್ಟಾಗುತ್ತದೆ ಎಂಬ ವಿಲೋಮ ಅನುಪಾತವನ್ನು ಇದಕ್ಕಿಂತ ನೇರವಾಗಿ ತೋರಿಸುವ ಸಾಧನ ನನಗೆ ಗೊತ್ತಿಲ್ಲ. ಮಗು ಅಳತೆಪಟ್ಟಿ ಹಿಡಿದು ಏಳನೆಯ ಫ್ರೆಟ್ಟಿನಿಂದ ಕುದುರೆಯವರೆಗೆ (ತಂತಿ ಕೊನೆಯಲ್ಲಿ ಒರಗುವ ಆಸರೆಯವರೆಗೆ) ಅಳೆದರೆ ಸುಮಾರು 432 ಮಿಲಿಮೀಟರ್, ಅಂದರೆ ಮೂರನೇ ಎರಡು ಭಾಗ ಸಿಗುತ್ತದೆ, ಅದು ಪಂಚಮ. ಐದನೆಯ ಫ್ರೆಟ್ಟಿನಿಂದ ಅಳೆದರೆ ನಾಲ್ಕನೇ ಮೂರು ಭಾಗಕ್ಕೆ ತೀರ ಹತ್ತಿರ. ಅದು ಶುದ್ಧ ಮಧ್ಯಮ. ಭಿನ್ನರಾಶಿಯಲ್ಲಿ ಎರಡನೇ ಒಂದು, ಮೂರನೇ ಎರಡು, ನಾಲ್ಕನೇ ಮೂರು ಎಂದು ಬರೆದುಕೊಂಡದ್ದು ಈಗ ಕಿವಿಗೂ ಕೇಳುತ್ತದೆ.

ಅಳತೆಯ ಪಾಠ ಇಲ್ಲಿಗೆ ಮುಗಿಯುವುದಿಲ್ಲ, ಸ್ವಾರಸ್ಯವಿರುವುದೇ ಮುಂದೆ. ಮೊದಲ ಫ್ರೆಟ್ಟಿನ ಮನೆ 36 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲ, ಹನ್ನೆರಡನೆಯದು ಸುಮಾರು 19. ಅಂತರಗಳು ಕಿರಿದಾಗುತ್ತ ಹೋಗುತ್ತವೆ, ಆದರೆ ಒಂದೇ ಸಂಖ್ಯೆಯನ್ನು ಕಳೆಯುತ್ತ ಹೋದಂತೆ ಅಲ್ಲ. ಹತ್ತನೆಯ ತರಗತಿಯ ಸಮಾಂತರ ಶ್ರೇಢಿಯನ್ನು ಕಲಿತ ಮಗು ಇಲ್ಲಿ ಅದನ್ನು ಹೊಂದಿಸಲು ನೋಡಿ ಆಗದೆ ನಿಂತಾಗ, ಪಿಯುಸಿಯಲ್ಲಿ ಬರಲಿರುವ ಗುಣೋತ್ತರ ಶ್ರೇಢಿಯ ಅಗತ್ಯ ಅದಕ್ಕೆ ತಾನಾಗಿ ತಿಳಿಯುತ್ತದೆ. 1581ರಲ್ಲಿ ವಿನ್ಚೆನ್ಜೋ ಗೆಲಿಲಿ ಎಂಬ ಇಟಲಿಯ ಸಂಗೀತಗಾರ, ಖಗೋಳ ವಿಜ್ಞಾನಿ ಗೆಲಿಲಿಯೋನ ತಂದೆ, ಉಳಿದ ತಂತಿಯ ಉದ್ದವನ್ನು ಪ್ರತಿ ಸಲವೂ 18ರಿಂದ ಭಾಗಿಸಿ, ಬಂದಷ್ಟು ದೂರದಲ್ಲಿ ಫ್ರೆಟ್ ಕೂರಿಸಬಹುದೆಂದು ಬರೆದ. ನಮ್ಮ 648ನ್ನು 18ರಿಂದ ಭಾಗಿಸಿದರೆ ಸರಿಯಾಗಿ 36 ಬರುತ್ತದೆ; ಲೆಕ್ಕ ಸುಲಭ. ಆದರೆ ಹೀಗೆ ಹನ್ನೆರಡು ಸಲ ಮಾಡಿದರೆ ಕುದುರೆಯಿಂದ 324ಕ್ಕೆ ಬರಬೇಕಾದ ಫ್ರೆಟ್ 326.4ರಲ್ಲಿ ನಿಲ್ಲುತ್ತದೆ. ಸುಮಾರು 2.4 ಮಿಲಿಮೀಟರಿನ ಈ ದೋಷವನ್ನು ಮಗು ಕ್ಯಾಲ್ಕುಲೇಟರಿನಲ್ಲಿ ಕಂಡುಹಿಡಿದು, ಹಾಗಾದರೆ ಭಾಗಿಸಬೇಕಾದ ಸಂಖ್ಯೆ ಯಾವುದು ಎಂದು ತಡಕಾಡುತ್ತ 17.8ರ ಬಳಿಗೆ ಬರುವುದನ್ನು ನೋಡಬೇಕು. ಎರಡರ ಹನ್ನೆರಡನೆಯ ಮೂಲವನ್ನು ಹೆಸರು ಹೇಳದೆಯೇ ಅದು ಮುಟ್ಟಿರುತ್ತದೆ.

ಇನ್ನೂ ಒಂದು ಹೆಜ್ಜೆ ಇಡಬಹುದು. ನಾವು ವೀಣೆಯಲ್ಲಿ, ಹಾಡುಗಾರಿಕೆಯಲ್ಲಿ ಇಷ್ಟಪಡುವ ಅಂತರ ಗಾಂಧಾರ ತಂತಿಯ ಐದನೇ ನಾಲ್ಕು ಭಾಗದಲ್ಲಿ, ಅಂದರೆ 518.4 ಮಿಲಿಮೀಟರಿನಲ್ಲಿ ಸಿಗುತ್ತದೆ. ಗಿಟಾರಿನ ನಾಲ್ಕನೆಯ ಫ್ರೆಟ್ ಇರುವುದು 514.3ರಲ್ಲಿ. ನಾಲ್ಕು ಮಿಲಿಮೀಟರ್ ಕಣ್ಣಿಗೆ ಕಾಣುವ ವ್ಯತ್ಯಾಸ, ತಂಬೂರಿಯ ಶ್ರುತಿಯಿಟ್ಟು ಕೇಳಿದರೆ ಕಿವಿಗೂ ತಿಳಿಯುವ ವ್ಯತ್ಯಾಸ. ಎಲ್ಲ ಶ್ರುತಿಯಲ್ಲೂ ನುಡಿಸಲು ಬರಬೇಕೆಂಬ ಅನುಕೂಲಕ್ಕಾಗಿ ಗಿಟಾರ್ ಮಾಡಿಕೊಂಡ ರಾಜಿ ಅದು. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕಿವಿಯ ಅಳತೆಯಿಂದ ಕೂರಿಸುತ್ತಾರೆ. ಅವುಗಳನ್ನು ಎಲ್ಲಿ ಕೂರಿಸಬೇಕೆಂಬುದನ್ನು 1550ರಲ್ಲಿ ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ ವಿವರವಾಗಿ ಬರೆದಿದ್ದಾನೆ. ಏಳನೆಯ ತರಗತಿಯ ಮಗು ಹಂಪಿಯನ್ನು ಕಲ್ಲಿನ ರಥದ ಚಿತ್ರದಿಂದ ಮಾತ್ರ ಬಲ್ಲದು. ತಂತಿಯ ಅಳತೆಯ ಶಾಸ್ತ್ರವೂ ಅದೇ ರಾಜ್ಯದ್ದು ಎಂದು ತಿಳಿಸಲು ಗಣಿತದ ಪೀರಿಯಡ್ಡಿಗಿಂತ ಒಳ್ಳೆಯ ಸಂದರ್ಭ ಸಿಗದು.

ಹಾಗೆಯೇ ಕರ್ನಾಟಕ ಸಂಗೀತದ ಎಪ್ಪತ್ತೆರಡು ಮೇಳಗಳು, ಅಂದರೆ ಮೂಲ ರಾಗಗಳು. ತಂತಿಯನ್ನು ಹಾಗೆಯೇ ಮೀಟಿದ್ದು ಷಡ್ಜ ಎಂದುಕೊಂಡರೆ ಒಂದರಿಂದ ನಾಲ್ಕರವರೆಗಿನ ಫ್ರೆಟ್‌ಗಳಲ್ಲಿ ಎರಡನ್ನು ಋಷಭ-ಗಾಂಧಾರಗಳಿಗೆ ಆರಿಸಬೇಕು. ಅದಕ್ಕೆ ಆರು ದಾರಿಗಳಿವೆ. ಮಧ್ಯಮಕ್ಕೆ ಐದು ಅಥವಾ ಆರು, ಹೀಗೆ ಎರಡು ದಾರಿ. ಏಳರಲ್ಲಿ ಪಂಚಮ ಕದಲದು. ಎಂಟರಿಂದ ಹನ್ನೊಂದರವರೆಗೆ ಧೈವತ-ನಿಷಾದಗಳಿಗೆ ಮತ್ತೆ ಆರು. ಆರು, ಎರಡು, ಆರು ಗುಣಿಸಿದರೆ ಎಪ್ಪತ್ತೆರಡು. ಹದಿನೇಳನೆಯ ಶತಮಾನದಲ್ಲಿ ಸಂಗೀತ ಶಾಸ್ತ್ರಜ್ಞ ವೆಂಕಟಮಖಿ ಹಾಕಿದ ಲೆಕ್ಕವನ್ನು ಮಕ್ಕಳು ನಾಲ್ಕು ಮನೆಗಳ ಮೇಲೆ ಬೆರಳಿಟ್ಟು ತಾವೇ ಹಾಕುತ್ತಾರೆ. ಆ ಹುರುಪಿನಲ್ಲಿ ಎಪ್ಪತ್ತೆರಡನ್ನೂ ನುಡಿಸಿ ನೋಡುತ್ತೇವೆಂದು ಹಟ ಹಿಡಿದರೆ ಮನೆಯವರಿಗೆ ಸ್ವಲ್ಪ ತೊಂದರೆಯಾಗಬಹುದು, ಅಷ್ಟೆ.

ಇಷ್ಟನ್ನು ಸಾಧಾರಣ ಗಿಟಾರಿನಲ್ಲೂ ಮಾಡಬಹುದು, ಎಲೆಕ್ಟ್ರಿಕ್ ಗಿಟಾರೇ ಏಕೆ ಬೇಕು ಎಂದು ತಾವು ಕೇಳಬಹುದು. ಉತ್ತರ ಅದರ ಪಿಕಪ್‌ನಲ್ಲಿದೆ. ತಂತಿಗಳ ಕೆಳಗೆ ಪುಟ್ಟ ಅಯಸ್ಕಾಂತಗಳು, ಅವುಗಳ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತು. ಪಿಕಪ್ ಎಂದರೆ ಇಷ್ಟೇ. ಉಕ್ಕಿನ ತಂತಿ ಅಲುಗಿದಾಗ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡದ್ದು ಇದನ್ನೇ. ಕೆಆರ್‌ಎಸ್ ನೀರನ್ನು ಆಶ್ರಯಿಸಿದ ಶಿವನಸಮುದ್ರದ ಜನರೇಟರ್ ನಡೆಯುವುದೂ ಇದೇ ತತ್ತ್ವದ ಮೇಲೆ. ಅದನ್ನು ಮಗು ಬಿಚ್ಚಿ ನೋಡಲಾಗದು, ಪಿಕಪ್ಪನ್ನು ನೋಡಬಹುದು. ಒಂದು ತಂತಿ ಬಿಚ್ಚಿ ಅದರ ಜಾಗದಲ್ಲಿ ನೈಲಾನ್ ತಂತಿ ಕಟ್ಟಿ ಮೀಟಿಸಿ: ಬೆರಳಿಗೆ ಕಂಪನ ತಿಳಿಯುತ್ತದೆ, ಆಂಪ್ ಮಾತ್ರ ಮೌನವಾಗಿರುತ್ತದೆ. ಯಾಕೆ ಎಂಬ ಪ್ರಶ್ನೆಯನ್ನು ಆಮೇಲೆ ಶಿಕ್ಷಕರು ಕೇಳಬೇಕಾಗಿಲ್ಲ. ಅಟಲ್ ಟಿಂಕರಿಂಗ್ ಪ್ರಯೋಗಾಲಯವಿರುವ ಶಾಲೆಗಳಲ್ಲಿ ಮಕ್ಕಳು ತಾವೇ ಒಂದು ಸುರುಳಿ ಸುತ್ತಿ ನೋಡಬಹುದು.

ನಾನು ಎಲ್ಲಕ್ಕಿಂತ ಹೆಚ್ಚು ಇಷ್ಟಪಡುವ ಪಾಠ ಆಂಪಿನ ಗುಂಯ್‌ಗುಟ್ಟುವಿಕೆಯಿಂದ ಹುಟ್ಟುತ್ತದೆ. ಒಂಟಿ ಸುರುಳಿಯ ಪಿಕಪ್ ತಂತಿಯ ಕಂಪನವನ್ನು ಹಿಡಿಯುವಂತೆಯೇ ಕೋಣೆಯ ವಿದ್ಯುತ್ ತಂತಿಗಳಿಂದ ಹೊಮ್ಮುವ 50 ಹರ್ಟ್ಸಿನ ಅಲೆಯನ್ನೂ, ಅದರ ಎರಡರಷ್ಟಾದ 100 ಹರ್ಟ್ಸನ್ನೂ ಹಿಡಿಯುತ್ತದೆ. ಆರನೆಯ ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ 98 ಹರ್ಟ್ಸ್. ಆ ಗುಂಯ್ ಜೊತೆ ಅದು ಸೇರಿದಾಗ ಸೆಕೆಂಡಿಗೆ ಎರಡು ಸಲ ಸದ್ದು ಏರಿಳಿಯುವುದನ್ನು ಎಣಿಸಬಹುದು. ಮನೆಗೆ ಬರುವ ವಿದ್ಯುತ್ತಿನ ಆವೃತ್ತಿಯನ್ನು ಮಗು ಹೀಗೆ ಕಿವಿಯಿಂದಲೇ ಅಳೆಯುತ್ತದೆ.

ಈ ಗೊಣಗಾಟವನ್ನು ಅಡಗಿಸಲು 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ತಂತ್ರಜ್ಞ ಜೋಡಿ ಸುರುಳಿಯ ಪಿಕಪ್ ರೂಪಿಸಿದ. ಎರಡನೆಯ ಸುರುಳಿಯಲ್ಲಿ ಅಯಸ್ಕಾಂತವನ್ನು ತಲೆಕೆಳಗು ಮಾಡಿದ; ತಂತಿಯ ಸಂಕೇತ ಋಣವಾಯಿತು. ಹೊರಗಿನ ಗೊಣಗಾಟಕ್ಕೂ ಒಳಗಿನ ಅಯಸ್ಕಾಂತಕ್ಕೂ ಸಂಬಂಧವಿಲ್ಲದ ಕಾರಣ ಅದು ಧನವಾಗಿಯೇ ಉಳಿಯಿತು. ಆಮೇಲೆ ಆ ಸುರುಳಿಯ ಸಂಪರ್ಕವನ್ನೇ ಅದಲುಬದಲು ಮಾಡಿದ. ಈಗ ಒಂದೇ ಒಂದು ಸಲ ತಿರುಗಿದ ಗೊಣಗಾಟ ಋಣವಾಗಿ ಮೊದಲ ಸುರುಳಿಯ ಗೊಣಗಾಟದೊಡನೆ ಕೂಡಿ ಸೊನ್ನೆಯಾಯಿತು. ಎರಡು ಸಲ ತಿರುಗಿದ ತಂತಿಯ ಸಂಕೇತ ಮತ್ತೆ ಧನವಾಗಿ ಮೊದಲಿನದಕ್ಕೆ ಸೇರಿಕೊಂಡಿತು. ಋಣವನ್ನು ಋಣದಿಂದ ಗುಣಿಸಿದರೆ ಧನ ಬರುತ್ತದೆ ಎಂಬುದನ್ನು ಏಳನೆಯ ತರಗತಿಯ ಮಕ್ಕಳು ನಿಯಮವೆಂದು ಬಾಯಿಪಾಠ ಮಾಡುತ್ತಾರೆ, ಯಾಕೆಂದು ಕೇಳಿದರೆ ಬಹಳಷ್ಟು ದೊಡ್ಡವರೂ ತಡವರಿಸುತ್ತಾರೆ. ನನ್ನಲ್ಲಿ ಕಲಿಯುವ ಏಳನೆಯ ತರಗತಿಯ ಹುಡುಗಿಯೊಬ್ಬಳು ಪಿಕಪ್ ಸ್ವಿಚ್ಚನ್ನು ಆಚೀಚೆ ತಳ್ಳಿ, ಗೊಣಗಾಟ ಅಡಗಿಯೂ ಸ್ವರ ಉಳಿಯುವುದನ್ನು ಕೇಳಿ, ಪೂರ್ಣಾಂಕಗಳ ಆ ನಿಯಮವನ್ನು ನೋಟ್‌ಬುಕ್ಕಿನಲ್ಲಿ ಸುರುಳಿಗಳ ಚಿತ್ರ ಬರೆದು ತನ್ನ ತಮ್ಮನಿಗೆ ವಿವರಿಸಿದ್ದಾಳೆ. ಅದಕ್ಕೆ ಗಣಿತದ ಶಿಕ್ಷಕಿಯಿಂದ ಒಂದು ಮೆಚ್ಚುಗೆ ಸಿಗಬೇಕಿತ್ತು; ಆದರೆ ಆ ನೋಟ್‌ಬುಕ್ ಗಿಟಾರಿನದು, ಶಾಲೆಯದಲ್ಲ.

ವಿಜ್ಞಾನದ ಬಗ್ಗೆ ಮತ್ತೊಂದೇ ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ತಂತಿಯನ್ನು ನಡುವೆ ಮೀಟಿದರೆ ದುಂಡಗಿನ ನಾದ, ಕುದುರೆಯ ಹತ್ತಿರ ಮೀಟಿದರೆ ಚೂಪು ನಾದ. ಮುಖ್ಯ ಸ್ವರದ ಜೊತೆಗೆ ಮೇಲಿನ ಸಣ್ಣ ಸ್ವರಗಳೂ ಹುಟ್ಟುತ್ತವೆ, ಅವೇ ಉಪಸ್ವರಗಳು. ಮೀಟಿದ ಜಾಗದಲ್ಲಿ ಯಾವ ಉಪಸ್ವರಕ್ಕೆ ಚಲನೆಯಿಲ್ಲವೋ ಆ ಉಪಸ್ವರ ಹುಟ್ಟುವುದಿಲ್ಲ ಎಂಬುದು ಅದಕ್ಕೆ ಕಾರಣ. ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಫೈಫಾಕ್ಸ್‌ನಂಥ ಆ್ಯಪ್‌ನಲ್ಲಿ ಮಕ್ಕಳು ಇದನ್ನು ಕಣ್ಣಾರೆ ನೋಡಬಹುದು. ಸರ್ ಸಿ.ವಿ. ರಾಮನ್ 1921ರಲ್ಲಿ ವೀಣೆ ಮತ್ತು ತಂಬೂರಿಗಳನ್ನು ಕುರಿತು ಬರೆದಾಗ, ಅವುಗಳ ಅಗಲವಾದ, ಬಾಗಿದ ಕುದುರೆಯ ಮೇಲೆ ತಂತಿ ಸವರಿಕೊಂಡು ಮಿಡಿಯುವುದರಿಂದ ಈ ನಿಯಮ ಅಲ್ಲಿ ಮುರಿದುಬೀಳುತ್ತದೆ, ಹುಟ್ಟಬಾರದ ಉಪಸ್ವರಗಳೂ ಹುಟ್ಟುತ್ತವೆ ಎಂದು ತೋರಿಸಿದರು. ಮೃದಂಗ, ತಬಲಗಳ ಕರಣೆಯ (ನಡುವಿನ ಕಪ್ಪು ಲೇಪದ) ಗುಟ್ಟನ್ನೂ ಅವರು ಅಧ್ಯಯನ ಮಾಡಿದವರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಂಸ್ಥೆ ಇದೆ, ಫೆಬ್ರವರಿ 28ರಂದು ಪ್ರತಿ ಶಾಲೆಯಲ್ಲಿ ಅವರ ಭಾವಚಿತ್ರಕ್ಕೆ ಹೂವು ಹಾಕುತ್ತೇವೆ. ಆ ದಿನ ಒಂದು ಗಿಟಾರನ್ನೂ ಒಂದು ತಂಬೂರಿಯನ್ನೂ ಪಕ್ಕಪಕ್ಕದಲ್ಲಿಟ್ಟು ಮೀಟಿಸಿದರೆ ಅವರು ಕೇಳಿದ್ದನ್ನು ಮಕ್ಕಳೂ ಕೇಳಿದಂತಾಗುತ್ತದೆ.

ಕನ್ನಡ ಶಿಕ್ಷಕರು ಇದರಲ್ಲಿ ತಮಗೇನು ಕೆಲಸ ಎಂದು ದೂರ ಉಳಿಯಬಾರದು. ಪ್ರೌಢಶಾಲೆಯಲ್ಲಿ ಮಕ್ಕಳು ಪ್ರಸ್ತಾರ ಹಾಕಿ ಲಘು-ಗುರು ಗುರುತಿಸಿ, ಭಾಮಿನಿ ಷಟ್ಪದಿಯ ಮೊದಲ ಪಾದದಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಗಳ ಗಣಗಳೆಂದು ಬರೆದು ಅಂಕ ಪಡೆಯುತ್ತಾರೆ. ಅದೇ ಮೂರು-ನಾಲ್ಕು ಕರ್ನಾಟಕ ಸಂಗೀತದಲ್ಲಿ ಮಿಶ್ರಛಾಪು ತಾಳ. ರಾಕ್ ಸಂಗೀತದವರು ಏಳರ ಲೆಕ್ಕದಲ್ಲಿ ಕಟ್ಟುವ, ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛಗಳ, ಅಂದರೆ ರಿಫ್‌ಗಳ ನಡೆಯೂ ಅದೇ. ನಾಲ್ಕರ ನಡೆಗಷ್ಟೇ ಒಗ್ಗಿದ ಕೈಗೆ ಏಳರ ರಿಫ್ ಬಹಳ ಕಷ್ಟವೆನಿಸುತ್ತದೆ. ಕುಮಾರವ್ಯಾಸನ ಪದ್ಯವೊಂದನ್ನು ಗಟ್ಟಿಯಾಗಿ ಓದಿಸಿ ಅದೇ ನಡೆಯಲ್ಲಿ ಮೀಟಲು ಹೇಳಿದರೆ ಮಕ್ಕಳ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ. ಇನ್ನು ಮೂರನೆಯ ಪಾದ: ಅಲ್ಲಿ ಮೂರು-ನಾಲ್ಕರ ಮೂರು ಜೋಡಿಗಳಾದ ಮೇಲೆ ಒಂದು ಗುರು, ಒಟ್ಟು 23 ಮಾತ್ರೆ. ಏಳರ ಆವರ್ತ ತುಂಬಬೇಕಾದರೆ ಇನ್ನೂ ಐದು ಮಾತ್ರೆ ಬೇಕು. ಆ ಐದನ್ನು ಗಿಟಾರ್ ನುಡಿಸುತ್ತದೆ, ಓದುವವರು ಗುರುವನ್ನು ಎಳೆದು ನಿಲ್ಲುತ್ತಾರೆ. ಷಟ್ಪದಿಯ ಮೂರನೆಯ ಮತ್ತು ಆರನೆಯ ಪಾದಗಳ ಕೊನೆಯಲ್ಲಿ ಗುರು ಏಕೆ ಕೂತಿದೆ ಎಂಬುದು ಹೀಗೆ ನಿಂತು ಉಸಿರೆಳೆದುಕೊಂಡವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ವಾರ್ಧಕಕ್ಕೆ ಐದರ ನಡೆ, ಭೋಗಕ್ಕೆ ಮೂರು, ಶರಕ್ಕೆ ನಾಲ್ಕು. ಒಂದು ವರ್ಷಕ್ಕೆ ಸಾಲುವಷ್ಟು ಪಾಠ ಷಟ್ಪದಿಯಲ್ಲೇ ಇದೆ.

ಸಮಾಜ ವಿಜ್ಞಾನದ ಕಡೆಯಿಂದ ನೋಡಿದರೆ, ಸದ್ದು ಸಾಲದೆ ಹೋದದ್ದೇ ಈ ವಾದ್ಯ ಹುಟ್ಟಲು ಕಾರಣ. ಹಿತ್ತಾಳೆ ವಾದ್ಯಗಳ ದೊಡ್ಡ ತಂಡಗಳ ನಡುವೆ ಗಿಟಾರ್ ಕೇಳಿಸುತ್ತಿರಲಿಲ್ಲ. ಹವಾಯಿಯನ್ ಶೈಲಿಯಲ್ಲಿ ನುಡಿಸುತ್ತಿದ್ದ ಜಾರ್ಜ್ ಬೀಚಮ್, ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆಗೂಡಿ ಲಾಸ್ ಏಂಜಲಿಸ್‌ನಲ್ಲಿ 1930ರ ದಶಕದ ಆರಂಭದಲ್ಲಿ ಪಿಕಪ್ ಇರುವ ಗಿಟಾರ್ ತಂದರು. ಅದಕ್ಕೆ 1937ರಲ್ಲಿ ಪೇಟೆಂಟ್ ಸಿಕ್ಕಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮ ಮೈಸೂರಿನ ಟಿ. ಚೌಡಯ್ಯನವರು ಮೈಕಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ಕೇಳಿಸಲೆಂದು ಪಿಟೀಲಿಗೆ ಮೂರು ತಂತಿ ಹೆಚ್ಚಿಸಿ ಏಳು ಮಾಡಿಕೊಂಡಿದ್ದರು. ಒಂದೇ ತೊಂದರೆಗೆ ಎರಡು ಊರಿನವರು ಕಂಡುಕೊಂಡ ಎರಡು ಪರಿಹಾರಗಳಿವು. 1943ರಲ್ಲಿ ಮಿಸಿಸಿಪಿಯ ಹತ್ತಿ ತೋಟಗಳನ್ನು ಬಿಟ್ಟು ಶಿಕಾಗೋಗೆ ಹೋದ ಕಪ್ಪು ಜನಾಂಗದ ಗಾಯಕ ಮಡ್ಡಿ ವಾಟರ್ಸ್ ಗದ್ದಲದ ಪಾನಗೃಹಗಳಲ್ಲಿ ತನ್ನ ಹಾಡು ಕೇಳಿಸಲು ಎಲೆಕ್ಟ್ರಿಕ್ ಗಿಟಾರ್ ಹಿಡಿದದ್ದನ್ನು ಹೇಳದೆ ಗುಲಾಮಗಿರಿ, ವರ್ಣಭೇದ, ವಲಸೆಗಳ ಪಾಠ ಮಾಡಬಹುದು. ಹೇಳಿ ಮಾಡಿದರೆ ಮಕ್ಕಳಿಗೆ ಆ ವಲಸೆಯ ದನಿ ಕೇಳುತ್ತದೆ.

ಭೂಗೋಳದ ಪಾಠ ಇನ್ನೂ ಹತ್ತಿರದಲ್ಲಿದೆ. ಪ್ರಪಂಚದ ಎಷ್ಟೋ ಗಿಟಾರ್‌ಗಳ ಫ್ರೆಟ್ ಹಲಗೆಯಾಗಿರುವುದು ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆ ಮರ. ಬ್ರೆಜಿಲಿನ ಬೀಟೆಯ ವ್ಯಾಪಾರವನ್ನು 1992ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ನಿರ್ಬಂಧಿಸಿದ ಮೇಲೆ ಭಾರತದ ಬೀಟೆಗೆ ಬೇಡಿಕೆ ಹೆಚ್ಚಿತು. 2017ರ ಜನವರಿಯಿಂದ ಬೀಟೆಯ ಕುಲದ ಎಲ್ಲ ಮರಗಳೂ ಅದೇ ಒಪ್ಪಂದದ ನಿಯಂತ್ರಣದ ಪಟ್ಟಿಗೆ ಬಂದವು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಕೊಡಗಿನ ತೋಟದ ಮನೆಯ ಮಗುವಿಗೆ ಅಂಗಳದಾಚೆಯ ಬೀಟೆಯನ್ನು ಅನುಮತಿಯಿಲ್ಲದೆ ಕಡಿಯುವಂತಿಲ್ಲ ಎಂಬುದು ಗೊತ್ತಿರುತ್ತದೆ, ಅದು ಯಾವ ದೇಶದಲ್ಲಿ ಏನಾಗಿ ನಾದ ಮಾಡುತ್ತಿದೆ ಎಂಬುದು ಗೊತ್ತಿರುವುದಿಲ್ಲ.

ಪಾಶ್ಚಾತ್ಯ ವಾದ್ಯ ನಮ್ಮ ಶಾಲೆಗೇಕೆ ಎಂಬ ಆಕ್ಷೇಪಕ್ಕೆ ಹೆಚ್ಚು ಮಾತು ಬೇಕಾಗಿಲ್ಲ. ಪಿಟೀಲು, ಹಾರ್ಮೋನಿಯಂ ಹೊರಗಿನಿಂದಲೇ ಬಂದವು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತದ ವಾದ್ಯವನ್ನಾಗಿ ಮಾಡಿದರು. ಗಿಟಾರಿನ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು ಮಾಡುವ ಬೆಂಡ್ ವೀಣೆಯ ಗಮಕಕ್ಕೆ ದೂರದ್ದಲ್ಲ. ಒಂದು ಮನೆ ಮೇಲೇರಲು ತಂತಿಯ ಬಿಗಿತ ಶೇಕಡಾ 12ರಷ್ಟು ಹೆಚ್ಚಬೇಕು ಎಂಬ ಲೆಕ್ಕ ಎರಡಕ್ಕೂ ಒಂದೇ.

ವೆಚ್ಚ, ಗದ್ದಲ, ಅಪಾಯ ಈ ಮೂರರ ಬಗ್ಗೆ ಮಾತ್ರ ಇಲಾಖೆ ಕೇಳುವ ಪ್ರಶ್ನೆಗಳು ನ್ಯಾಯವಾದವು. ಕಲಿಕೆಗೆ ಸಾಲುವ ಗಿಟಾರ್ ಹತ್ತು-ಹದಿನೈದು ಸಾವಿರ ರೂಪಾಯಿಗೆ ಸಿಗುತ್ತದೆ. ಒಂದು ಕ್ಲಸ್ಟರಿನ ಶಾಲೆಗಳೆಲ್ಲ ಹಂಚಿಕೊಂಡರೆ ಅದು ಹೊರೆಯಲ್ಲ, ಎಸ್‌ಡಿಎಂಸಿಗಳು (ಶಾಲಾಭಿವೃದ್ಧಿ ಸಮಿತಿಗಳು) ಮತ್ತು ಹಳೆಯ ವಿದ್ಯಾರ್ಥಿಗಳು ಕೈಜೋಡಿಸಲೂ ಅಡ್ಡಿಯಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ನಿಶ್ಶಬ್ದ ವಲಯವೆಂದು ಗೊತ್ತುಮಾಡಿದ ಶಾಲೆಯ ಸುತ್ತಣ 100 ಮೀಟರಿನಲ್ಲಿ ಹಗಲಿನ ಮಿತಿ 50 ಡೆಸಿಬೆಲ್. ಎಲೆಕ್ಟ್ರಿಕ್ ಗಿಟಾರ್ ಗದ್ದಲದ ವಾದ್ಯವೆಂಬ ಹೆಸರು ಪಡೆದಿದ್ದರೂ ಹೆಡ್‌ಫೋನ್ ಸಿಕ್ಕಿಸಿದರೆ ಹಾರ್ಮೋನಿಯಮ್ಮಿಗಿಂತ ಮೆಲ್ಲಗಿರುತ್ತದೆ, ಸಾಧಾರಣ ಗಿಟಾರಿಗಿಂತ ತೆಳುವಾದ ತಂತಿಗಳಿರುವುದರಿಂದ ಎಳೆಯ ಬೆರಳಿಗೂ ಹಗುರ. ಆದರೆ ಆಂಪ್ ವಿಷಯದಲ್ಲಿ ನಾನು ಕಟ್ಟುನಿಟ್ಟು: ಗಿಟಾರಿನ ತಂತಿಗಳು ಆಂಪಿನ ಅರ್ಥಿಂಗ್ ಜೊತೆ ಸಂಪರ್ಕದಲ್ಲಿರುತ್ತವೆ, ಅರ್ಥಿಂಗ್ ಸರಿಯಿಲ್ಲದ ಕೋಣೆಯಲ್ಲಿ 230 ವೋಲ್ಟಿನ ಆಂಪ್ ಬಳಸಕೂಡದು. ಶಾಲೆಗಳಿಗೆ 9 ವೋಲ್ಟಿನ ಬ್ಯಾಟರಿ ಆಂಪನ್ನೇ ಕೊಡಿ. ಕರೆಂಟು ಹೋದರೂ ಪಾಠ ನಿಲ್ಲುವುದಿಲ್ಲ.

ಕಲಿಸುವವರು ಎಲ್ಲಿಂದ ಬರಬೇಕು ಎಂಬುದೇ ನಿಜವಾದ ತೊಡಕು. ಹೆಚ್ಚಿನ ಸರ್ಕಾರಿ ಶಾಲೆಗಳಲ್ಲಿ ಸಂಗೀತ ಶಿಕ್ಷಕರೇ ಇಲ್ಲ. ಎಲ್ಲ ಶಾಲೆಗೂ ಹುದ್ದೆ ಸೃಷ್ಟಿಸುವವರೆಗೆ ಕಾಯುವುದಕ್ಕಿಂತ, ಊರಿನಲ್ಲಿರುವ ವಾದ್ಯಗಾರರನ್ನು ಗೌರವಧನ ಕೊಟ್ಟು ಕರೆಸಲು ಮುಖ್ಯೋಪಾಧ್ಯಾಯರಿಗೆ ಅಧಿಕಾರ ಕೊಡುವುದು ಒಳ್ಳೆಯದು. ಡಯಟ್‌ಗಳಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ) ನಡೆಯುವ ವಿಷಯವಾರು ತರಬೇತಿಯಲ್ಲಿ ಒಂದು ದಿನವನ್ನು ಇದಕ್ಕೆ ಮೀಸಲಿಡಬಹುದು. ಆ ದಿನ ಗಣಿತ, ವಿಜ್ಞಾನದ ಶಿಕ್ಷಕರು ಗಿಟಾರ್ ನುಡಿಸಲು ಕಲಿಯಬೇಕಾಗಿಲ್ಲ. ಅಳೆಯಲು, ಕೇಳಲು, ಮಕ್ಕಳ ಪ್ರಶ್ನೆಗಳಿಗೆ ನಿಲ್ಲಲು ತಿಳಿದರೆ ಸಾಕು. ನನ್ನಂಥ ಸಂಗೀತದವರು ಪಠ್ಯಪುಸ್ತಕ ಓದಿಕೊಳ್ಳಬೇಕು. ಇದು ನಮ್ಮವರಲ್ಲಿ ಕೆಲವರಿಗೆ ಹಿಡಿಸದ ಮಾತು, ಆದರೂ ಹೇಳುತ್ತೇನೆ.

ಹಾಗೆಂದು ಆ ಜೋಡಿ ಪೀರಿಯಡ್ ಪೂರ್ತಿ ಗಣಿತವೂ ವಿಜ್ಞಾನವೂ ಆಗಿಹೋದರೆ ನಾನು ಅದನ್ನು ಮೊದಲು ವಿರೋಧಿಸುವವನು. ಕನಿಷ್ಠ ಅರ್ಧ ಹೊತ್ತು ಮಕ್ಕಳು ನುಡಿಸಬೇಕು ಅಥವಾ ಹಾಡಬೇಕು, ಲೆಕ್ಕ ಮಾಡಿದ್ದನ್ನು ಸ್ವರವಾಗಿ ಕೇಳಬೇಕು. ನಾಲ್ಕು ಮಿಲಿಮೀಟರಿನ ವ್ಯತ್ಯಾಸವನ್ನು ಕಿವಿಯಲ್ಲಿ ಗುರುತಿಸದ ಮಗುವಿಗೆ ಆ ನಾಲ್ಕು ಬರೀ ಅಂಕಿ. ದಯವಿಟ್ಟು ಇದಕ್ಕೆ ಪರೀಕ್ಷೆಯನ್ನೂ ಶ್ರೇಣಿಯನ್ನೂ ಇಡಬೇಡಿ; ಇಟ್ಟ ವರ್ಷವೇ ಇದಕ್ಕೂ ಗೈಡ್ ಪುಸ್ತಕ ಬರುತ್ತದೆ, ಎರಡರ ಹನ್ನೆರಡನೆಯ ಮೂಲ ಬಾಯಿಪಾಠವಾಗುತ್ತದೆ.

ಇಡೀ ರಾಜ್ಯಕ್ಕೆ ಒಮ್ಮೆಲೇ ಆದೇಶ ಹೊರಡಿಸಬೇಕೆಂದು ನಾನು ಕೇಳುತ್ತಿಲ್ಲ. ಒಂದು ಜಿಲ್ಲೆಯ ಕೆಲವು ಕ್ಲಸ್ಟರ್‌ಗಳಲ್ಲಿ, ನಗರದ್ದೂ ಹಳ್ಳಿಯದೂ ಸೇರಿದಂತೆ, ಒಂದು ಶೈಕ್ಷಣಿಕ ವರ್ಷ ನಡೆಸಿ ನೋಡಿ. ಪಾಠ ಮಾಡಿದ ಇಬ್ಬರು ಶಿಕ್ಷಕರೂ ಪ್ರತಿ ಪಾಠದ ನಂತರ ಏನು ನಡೆಯಿತು, ಮಕ್ಕಳು ಏನು ಕೇಳಿದರು, ಎಲ್ಲಿ ಕೆಟ್ಟಿತು ಎಂಬುದನ್ನು ಬರೆದಿಡಲಿ. ಮುಂದುವರಿಸುವುದೋ ಬಿಡುವುದೋ ಎಂಬುದನ್ನು ಆ ಬರಹಗಳನ್ನು ಓದಿ ತೀರ್ಮಾನಿಸಿ. ಮೈಸೂರು ಜಿಲ್ಲೆಯನ್ನು ಆರಿಸಿಕೊಂಡರೆ ಮೊದಲ ಪಾಠಗಳಿಗೆ ಬೇಕಾದ ಗಿಟಾರ್, ಬ್ಯಾಟರಿ ಆಂಪ್ ಮತ್ತು ಬಿಚ್ಚಿ ತೋರಿಸಲು ಹಳೆಯ ಪಿಕಪ್‌ಗಳನ್ನು ನಾನೇ ತರುತ್ತೇನೆ. ಅಳತೆಪಟ್ಟಿಗಳು ಮಕ್ಕಳ ಬಳಿ ಇರುತ್ತವೆ.

ಇಂತಿ ತಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ಗಿಟಾರ್ ಶಿಕ್ಷಕ